ಪ್ಲೇಟ್ ಗೆದ್ದವನು ವಿಂಬಲ್ಡನ್ ಗೆದ್ದಂತೆಯೇ?

ಟೆನಿಸ್‌ನ ಹಳೆಯ ದಾಖಲೆಗಳ ಬಗ್ಗೆ ಬರೆಯತೊಡಗಿದಾಗಿನಿಂದ ಒಂದೇ ಪ್ರಶ್ನೆ ಬೇರೆ ಬೇರೆ ರೂಪದಲ್ಲಿ ನನಗೆ ಎದುರಾಗುತ್ತಿದೆ. ‘ಹಿಂದಿನ ಆಟಗಾರರ ಪರಿಚಯದಲ್ಲಿ ಆಲ್ ಇಂಗ್ಲೆಂಡ್ ಪ್ಲೇಟ್ ವಿಜೇತ ಎಂದು ಬರೆದಿರುತ್ತಾರಲ್ಲ, ಅದೂ ವಿಂಬಲ್ಡನ್ ಪ್ರಶಸ್ತಿಯೇ ತಾನೇ?’ ಕೇಳುವವರ ಗೊಂದಲ ಸಹಜವಾದದ್ದು. ವಿಂಬಲ್ಡನ್‌ನ ಮಹಿಳಾ ಚಾಂಪಿಯನ್ನರು 1886ರಿಂದಲೂ ಎತ್ತಿ ತೋರಿಸುತ್ತಿರುವುದು ‘ವೀನಸ್ ರೋಸ್‌ವಾಟರ್ ಡಿಶ್’ ಎಂಬ ಬೆಳ್ಳಿಯ ತಟ್ಟೆಯನ್ನೇ. ತಟ್ಟೆ ಎಂದೊಡನೆ ಆ ಚಿತ್ರ ಕಣ್ಮುಂದೆ ಬಂದರೆ ಯಾರನ್ನೂ ದೂರುವಂತಿಲ್ಲ.

ಆದರೆ ಉತ್ತರ ‘ಅಲ್ಲ’ ಎಂಬುದೇ. ಆಲ್ ಇಂಗ್ಲೆಂಡ್ ಪ್ಲೇಟ್ ಎಂಬುದು ವಿಂಬಲ್ಡನ್ ಸಿಂಗಲ್ಸ್‌ನ ಮೊದಲ ಅಥವಾ ಎರಡನೇ ಸುತ್ತಿನಲ್ಲಿ ಸೋತವರಿಗಾಗಿ, ವಿಂಬಲ್ಡನ್ ನಡೆಸುವ ಆಲ್ ಇಂಗ್ಲೆಂಡ್ ಕ್ಲಬ್ಬಿನಲ್ಲಿಯೇ, ಅದೇ ಪಂದ್ಯಾವಳಿಯ ದಿನಗಳಲ್ಲಿ ನಡೆಯುತ್ತಿದ್ದ ಇನ್ನೊಂದು ಸ್ಪರ್ಧೆ. ಪುರುಷರಿಗೆ ಅದು 1896ರಲ್ಲಿ ಆರಂಭವಾಗಿ 1981ರವರೆಗೂ ನಡೆಯಿತು; ಮಹಿಳೆಯರಿಗೆ 1933ರಲ್ಲಿ ಆರಂಭವಾಗಿ 1989ರವರೆಗೂ ಉಳಿಯಿತು. ರಣಜಿ ಟ್ರೋಫಿಯಲ್ಲಿ ‘ಎಲೈಟ್’ ಮತ್ತು ಅದಕ್ಕಿಂತ ಕೆಳಗಿನ ‘ಪ್ಲೇಟ್’ ಎಂಬ ಗುಂಪುಗಳನ್ನು ಕಂಡವರಿಗೆ ಈ ಹೆಸರಿನ ಧ್ವನಿ ಅರ್ಥವಾದೀತು.

ನಮ್ಮ ಸ್ಪರ್ಧೆಗಳ ಕರಪತ್ರಗಳಲ್ಲಿ ಕೊನೆಯ ಸಾಲಿಗೆ ಬರುವ ‘ಸಮಾಧಾನಕರ ಬಹುಮಾನ’ವೇ ಇದು ಎಂದು ಹೇಳಿ ಮುಗಿಸಬಹುದಿತ್ತು; ಬಹಳ ಕಾಲ ನಾನೂ ಹಾಗೆಯೇ ಹೇಳುತ್ತಿದ್ದೆ. ಈಗ ಆ ಹೋಲಿಕೆ ಸಾಲದೆಂದು ತೋರುತ್ತದೆ. ಸಮಾಧಾನಕರ ಬಹುಮಾನವನ್ನು ಕರೆದು ಕೊಡುತ್ತಾರೆ, ಪ್ಲೇಟನ್ನು ಆಡಿಯೇ ಗೆಲ್ಲಬೇಕಾಗಿತ್ತು. ಕುಸ್ತಿಯ ‘ರೆಪಶಾಜ್’ ಪದ್ಧತಿಯೂ ಬೇರೆಯೇ. 2008ರಲ್ಲಿ ಸುಶೀಲ್ ಕುಮಾರ್, 2016ರಲ್ಲಿ ಸಾಕ್ಷಿ ಮಲಿಕ್ ಒಮ್ಮೆ ಸೋತ ಮೇಲೂ ಒಲಿಂಪಿಕ್ಸ್ ಕಂಚಿನ ತನಕ ಹೋದದ್ದು ಆ ದಾರಿಯಿಂದ. ಪ್ಲೇಟಿನಲ್ಲಿ ಮುಖ್ಯ ಸ್ಪರ್ಧೆಗೆ ಮರಳುವ ದಾರಿಯೇ ಇರಲಿಲ್ಲ. ಸೋತವನು ಸೋತವನೇ, ಸೋತವರೊಳಗೆ ಮೊದಲಿಗನಾಗಬಹುದಿತ್ತು, ಅಷ್ಟೇ.

ಹಾಗಿದ್ದ ಮೇಲೆ ಅದನ್ನು ಆರಂಭಿಸಿದ್ದೇಕೆ? ಇಲ್ಲಿ 1890ರ ದಶಕದ ವಿಂಬಲ್ಡನ್ ಹೇಗಿತ್ತೆಂಬುದನ್ನು ನೋಡಬೇಕು. 1877ರಲ್ಲಿ ವೋರ್ಪಲ್ ರಸ್ತೆಯ ಅಂಗಳದಲ್ಲಿ 22 ಮಂದಿಯೊಂದಿಗೆ ಆರಂಭವಾದ ಪಂದ್ಯಾವಳಿ 1880ರ ದಶಕದಲ್ಲಿ ರೆನ್‌ಶಾ ಸಹೋದರರ ಆಟದಿಂದ ಜನಪ್ರಿಯವಾಯಿತು. ವಿಲಿಯಂ ರೆನ್‌ಶಾ ಒಬ್ಬನೇ ಏಳು ಬಾರಿ ಸಿಂಗಲ್ಸ್ ಗೆದ್ದ. ಅವರು ಹಿಂದೆ ಸರಿದ ಮೇಲೆ ಜನರ ಉತ್ಸಾಹವೂ ಇಳಿಯಿತು. 1890ರಲ್ಲಿ ಮಹಿಳೆಯರ ಸಿಂಗಲ್ಸ್‌ಗೆ ಬಂದವರು ನಾಲ್ಕೇ ಮಂದಿ. 1895ರಲ್ಲಿ ಪಂದ್ಯಾವಳಿಯಿಂದ ಕ್ಲಬ್ಬಿಗೆ 33 ಪೌಂಡ್ ನಷ್ಟವಾಯಿತು. ಮರುವರ್ಷವೇ ಪ್ಲೇಟ್ ಹುಟ್ಟಿಕೊಂಡದ್ದು ಕಾಕತಾಳೀಯವೆಂದು ನಂಬಲು ನನ್ನ ಮನಸ್ಸು ಒಪ್ಪುವುದಿಲ್ಲ. ಒಂದು ಸೋಲಿಗೇ ಗಂಟುಮೂಟೆ ಕಟ್ಟಬೇಕಾದ ಕಡೆಗೆ, ಗೆಲ್ಲುವ ಭರವಸೆಯಿಲ್ಲದ ಆಟಗಾರ ಸುಮ್ಮನೆ ಬರುವುದಿಲ್ಲ. ಇನ್ನೂ ಒಂದೆರಡು ಪಂದ್ಯ ಸಿಗುತ್ತದೆಂದರೆ ಬಂದಾನು.

ನಾಕೌಟ್ ಪದ್ಧತಿಯ ಲೆಕ್ಕವೇ ನಿರ್ದಯವಾದದ್ದು. 128 ಮಂದಿಯ ಪಟ್ಟಿಯಲ್ಲಿ ಮೊದಲ ಸುತ್ತಿಗೆ 64, ಎರಡನೆಯದಕ್ಕೆ 32 ಮಂದಿ ಹೊರಬೀಳುತ್ತಾರೆ. ಎಂದರೆ ಎರಡೇ ಸುತ್ತಿನಲ್ಲಿ ನಾಲ್ಕರಲ್ಲಿ ಮೂರು ಪಾಲು ಖಾಲಿ. ಅದು ಹವ್ಯಾಸಿಗಳ ಕಾಲ. ಬಹುಮಾನದ ಹಣವೆಂಬುದಿಲ್ಲ, ಸಮುದ್ರದಾಚೆಯಿಂದ ಬರುವವರಿಗೆ ವಾರಗಟ್ಟಲೆಯ ಹಡಗಿನ ಪ್ರಯಾಣ. ಅಷ್ಟು ದೂರದಿಂದ ಬಂದು ಒಂದೇ ಮಧ್ಯಾಹ್ನದಲ್ಲಿ ಆಟ ಮುಗಿಸಿಕೊಂಡವನಿಗೆ ಮುಂದಿನ ಹತ್ತು ದಿನ ಆ ಹುಲ್ಲಿನ ಅಂಕಣದಲ್ಲಿ ಆಡುವ ಅವಕಾಶ ಎಂದರೆ ಅದು ಕರುಣೆಯಲ್ಲ, ಬಂದ ಉದ್ದೇಶಕ್ಕೆ ಸಿಕ್ಕ ನ್ಯಾಯ.

ಆದ್ದರಿಂದಲೇ ಪ್ಲೇಟಿನ ವಿಜೇತರ ಪಟ್ಟಿ ಸಾಮಾನ್ಯರ ಪಟ್ಟಿಯಲ್ಲ. ನನಗೆ ಅತ್ಯಂತ ಪ್ರಿಯವಾದ ಹೆಸರು ಫ್ರಾನ್ಸಿನ ಆಂರಿ ಕೊಶೆಯದು. 1927ರ ವಿಂಬಲ್ಡನ್‌ನಲ್ಲಿ ಈತ ಕ್ವಾರ್ಟರ್ ಫೈನಲ್, ಸೆಮಿಫೈನಲ್, ಫೈನಲ್ ಮೂರರಲ್ಲಿಯೂ ಮೊದಲೆರಡು ಸೆಟ್ ಕಳೆದುಕೊಂಡು, ಮೂರರಲ್ಲಿಯೂ ತಿರುಗಿಬಿದ್ದು ಗೆದ್ದವನು. ಸೆಮಿಫೈನಲ್‌ನಲ್ಲಿ ಅಮೆರಿಕದ ಬಿಲ್ ಟಿಲ್ಡನ್ ಎದುರು ಮೂರನೇ ಸೆಟ್‌ನಲ್ಲಿ 1–5ರಿಂದ ಹಿಂದಿದ್ದ; ಫೈನಲ್‌ನಲ್ಲಿ ತನ್ನದೇ ದೇಶದ ಜಾನ್ ಬೊರೊತ್ರಾ ಎದುರು ಇನ್ನೊಂದು ಪಾಯಿಂಟ್ ಹೋದರೆ ಸೋಲೇ ಎಂಬಂಥ ಆರು ಮ್ಯಾಚ್ ಪಾಯಿಂಟ್‌ಗಳನ್ನು ಉಳಿಸಿಕೊಂಡ. 1929ರಲ್ಲಿ ಮತ್ತೊಮ್ಮೆ ಚಾಂಪಿಯನ್ ಆದ. ಅಂಥವನು 1932ರಲ್ಲಿ, ಕೆಲವೇ ವಾರಗಳ ಹಿಂದೆ ಪ್ಯಾರಿಸ್‌ನ ಫ್ರೆಂಚ್ ಚಾಂಪಿಯನ್‌ಷಿಪ್ ಪ್ರಶಸ್ತಿ ಗೆದ್ದು ಬಂದಿದ್ದವನು, ವಿಂಬಲ್ಡನ್‌ನ ಎರಡನೇ ಸುತ್ತಿನಲ್ಲಿ ಸ್ಕಾಟ್ಲೆಂಡ್‌ನ ಇಯಾನ್ ಕಾಲಿನ್ಸ್‌ಗೆ ಸೋತ. ಎರಡು ಸಲ ಕಪ್ ಎತ್ತಿದ್ದ ಮನುಷ್ಯ ಮುಖ ಮುಚ್ಚಿಕೊಂಡು ಪ್ಯಾರಿಸ್‌ಗೆ ಹೊರಟುಹೋಗಿದ್ದರೆ ಯಾರೂ ಏನೂ ಅನ್ನುತ್ತಿರಲಿಲ್ಲ. ಅವನು ಪ್ಲೇಟಿಗೆ ಹೆಸರು ಕೊಟ್ಟು, ಆಡಿ, ಗೆದ್ದ. ಚಾಂಪಿಯನ್ ಎನಿಸಿಕೊಂಡವನು ಸೋತವರ ಸಾಲಿನಲ್ಲಿ ನಿಂತು ಆಡಲು ಎಷ್ಟು ದೊಡ್ಡ ಮನಸ್ಸು ಬೇಕೆಂದು ನಾನು ಹಲವು ಸಲ ಯೋಚಿಸಿದ್ದೇನೆ. ಬಹುಶಃ ಮನಸ್ಸಿನ ಮಾತೇ ಅಲ್ಲ, ಅವನಿಗೆ ಆಡುವುದೆಂದರೆ ಇಷ್ಟವಿತ್ತು.

1939ರಲ್ಲಿ ಹೆಚ್ಚುಕಡಿಮೆ ಇದೇ ಕಥೆ ಮರುಕಳಿಸಿತು. ಅಮೆರಿಕದ ಡಾನ್ ಮೆಕ್‌ನೀಲ್ ಪ್ಯಾರಿಸ್ ಫೈನಲ್‌ನಲ್ಲಿ ಬಾಬಿ ರಿಗ್ಸ್‌ನನ್ನು ಸೋಲಿಸಿ ಬಂದಿದ್ದ. ವಿಂಬಲ್ಡನ್‌ನಲ್ಲಿ ಆ ರಿಗ್ಸ್ ಚಾಂಪಿಯನ್ ಆದ, ಮೆಕ್‌ನೀಲ್‌ಗೆ ದಕ್ಕಿದ್ದು ಪ್ಲೇಟ್. ಯುದ್ಧಾನಂತರ, 1948ರಲ್ಲಿ ಗೆದ್ದವನು ಫಿಲಿಪ್ಪೀನ್ಸ್‌ನ ಫೆಲಿಸಿಸಿಮೊ ಆಂಪೊನ್, ಐದಡಿಯೂ ಎತ್ತರವಿಲ್ಲದ ಆಟಗಾರ. 1955ರಲ್ಲಿ ಪ್ಲೇಟ್ ಗೆದ್ದ ಆಸ್ಟ್ರೇಲಿಯಾದ ನೀಲ್ ಫ್ರೇಸರ್ ಐದು ವರ್ಷಗಳ ಬಳಿಕ, 1960ರಲ್ಲಿ, ವಿಂಬಲ್ಡನ್ ಸಿಂಗಲ್ಸ್ ಚಾಂಪಿಯನ್ನೇ ಆದ.

ಇಂಥ ಸ್ಪರ್ಧೆ ನಿಂತುಹೋದದ್ದೇಕೆ ಎಂಬುದು ಮೊದಲ ಪ್ರಶ್ನೆಯ ಬೆನ್ನಿಗೇ ಬರುವ ಎರಡನೆಯದು. ನನ್ನ ಉತ್ತರ ಒಂದೇ ಪದದ್ದು: ಹಣ. ಆದರೆ ಅದನ್ನು ದುರಾಸೆ ಎಂಬರ್ಥದಲ್ಲಿ ಹೇಳುತ್ತಿಲ್ಲ. 1968ರಲ್ಲಿ ವಿಂಬಲ್ಡನ್ ವೃತ್ತಿಪರರಿಗೂ ತೆರೆದುಕೊಂಡಿತು. ಆ ವರ್ಷ ಪುರುಷರ ಚಾಂಪಿಯನ್‌ಗೆ 2,000 ಪೌಂಡ್, ಮಹಿಳಾ ಚಾಂಪಿಯನ್‌ಗೆ 750 ಪೌಂಡ್ ಕೊಟ್ಟರು. 1973ರಲ್ಲಿ ಪುರುಷರ ಆಟಕ್ಕೆ ಕಂಪ್ಯೂಟರ್ ರ‍್ಯಾಂಕಿಂಗ್ ಬಂದಿತು. ಹಡಗಿನ ಜಾಗಕ್ಕೆ ವಿಮಾನ ಬಂದಿತ್ತು. ಟೆನಿಸ್ ಹೊಟ್ಟೆಪಾಡಾದ ಮೇಲೆ, ಸೋಮವಾರ ಸೋತವನು ಮಂಗಳವಾರವೇ ಮುಂದಿನ ಊರಿನ ಮುಂದಿನ ಪಂದ್ಯಾವಳಿಯ ಬಗ್ಗೆ ಯೋಚಿಸಬೇಕಾಯಿತು. ಹಿಂದೆ ಸೋತವನ ಕೈಯಲ್ಲಿ ಸಮಯವಿತ್ತು, ಅದನ್ನು ಪ್ಲೇಟ್ ತುಂಬುತ್ತಿತ್ತು. ಈಗ ಇಲ್ಲದ್ದು ಆ ಸಮಯವೇ. ಸೋತವರಿಗೆ ಸಮಾಧಾನ ಬೇಡವಾಗಲಿಲ್ಲ. ಅದಕ್ಕಾಗಿ ನಿಲ್ಲುವಷ್ಟು ಪುರಸೊತ್ತು ಅವರಿಗೆ ಉಳಿಯಲಿಲ್ಲ.

ಹಳೆಯ ಪಟ್ಟಿಗಳನ್ನು ಓದುವವರಿಗೆ ನಾನು ಸಾಮಾನ್ಯವಾಗಿ ಇದೊಂದು ದಾರಿ ಹೇಳಿಕೊಡುತ್ತೇನೆ. ಯಾವುದೇ ವರ್ಷದ ಪ್ಲೇಟ್ ವಿಜೇತನ ಹೆಸರು ಕಂಡರೆ ಅಲ್ಲಿಗೇ ನಿಲ್ಲದೆ, ಅದೇ ವರ್ಷದ ಮುಖ್ಯ ಸಿಂಗಲ್ಸ್ ಪಟ್ಟಿಯ ಮೊದಲೆರಡು ಸುತ್ತುಗಳನ್ನು ತೆಗೆದು ನೋಡಿ. ಅವನನ್ನು ಅಲ್ಲಿಗೆ ಕಳಿಸಿದವನ ಹೆಸರು ಅಲ್ಲಿಯೇ ಇರುತ್ತದೆ. ಇಯಾನ್ ಕಾಲಿನ್ಸ್ ಎಂಬ ಆಟಗಾರನೊಬ್ಬನಿದ್ದ ಎಂಬುದು ನನಗೆ ಗೊತ್ತಾದದ್ದೂ ಹಾಗೆಯೇ.