ಹುಲಿಗಿಯಲ್ಲಿ ಐವರು ಹುಲಿಗೆಪ್ಪಂದಿರು

ಕೊಪ್ಪಳ ಜಿಲ್ಲೆಯ ಹುಲಿಗಿಯಲ್ಲಿ, ಹುಲಿಗೆಮ್ಮನ ಗುಡಿಯ ಹೊರಗೆ ಬೇವಿನ ನೆರಳಲ್ಲಿ ಕೂತು ನಮ್ಮ ವಂಶಾವಳಿ ಬರೆಯುತ್ತಿದ್ದೆ. ಮೂರನೇ ಸಲ ಹಾಳೆ ಹರಿದೆ. ನಮ್ಮ ಮನೆತನದಲ್ಲಿ ಐದು ಜನ ಹುಲಿಗೆಪ್ಪಂದಿರು. ಇಬ್ಬರನ್ನು ಒಬ್ಬನೇ ಅಂದುಕೊಂಡು, ಮೊಮ್ಮಗನಿಗೆ ಅಜ್ಜನ ಹೆಂಡತಿಯನ್ನೇ ಕಟ್ಟಿಬಿಟ್ಟಿದ್ದೆ. ಪಕ್ಕದಲ್ಲಿ ರೊಟ್ಟಿ ಬುತ್ತಿ ಬಿಚ್ಚುತ್ತಿದ್ದ ಸೋದರತ್ತೆ ಬಗ್ಗಿ ನೋಡಿದಳು. "ಏ, ದೇವ್ರ ಮುಂದ ಕುಂತು ಎಂಥಾ ಪಾಪ ಮಾಡಾಕತ್ತೀಯವ್ವಾ?" ಅಂತ ಹೊಟ್ಟೆ ಹಿಡಿದು ನಕ್ಕಳು.

ಇದೆಲ್ಲ ನನ್ನ ತಲೆಗೆ ಹೊಕ್ಕಿದ್ದು ಬೆಂಗಳೂರಿನ ಆಫೀಸಿನಲ್ಲಿ. ಅಲ್ಲಿ ನನ್ನ ಗೆಳತಿಯೊಬ್ಬಳು ಲ್ಯಾಟರ್‌ ಡೇ ಸೇಂಟ್ಸ್ ಚರ್ಚಿನವಳು. ಜನ ಮಾರ್ಮನ್ ಅನ್ನುತ್ತಾರಲ್ಲ, ಅವರು. ಭಾನುವಾರ ಸಂಜೆ ಲ್ಯಾಪ್‌ಟಾಪ್ ತೆಗೆದು, ಯಾವುದೋ ದೇಶದ ಯಾರದೋ ಹುಟ್ಟು, ಮದುವೆ, ಸಾವಿನ ಹಳೇ ದಾಖಲೆ ನೋಡಿ ಹೆಸರು ಟೈಪ್ ಮಾಡುತ್ತಾಳೆ. ಒಂದು ಪೈಸೆ ಬರುವುದಿಲ್ಲ. "ನಮಗೆ ಇದೂ ಒಂದು ಸೇವೆ" ಅಂದಳು. ಅವರ ಚರ್ಚು 1894ರಲ್ಲೇ ಅಮೆರಿಕದ ಯೂಟಾದಲ್ಲಿ ವಂಶಾವಳಿಗೆಂದು ಒಂದು ಸಂಘ ಕಟ್ಟಿತು. ವಂಶಾವಳಿ ಹುಡುಕುವ ಇವತ್ತಿನ ಫ್ಯಾಮಿಲಿಸರ್ಚ್ ಜಾಲತಾಣ ಬೆಳೆದದ್ದು ಅದರಿಂದಲೇ. ಯಾವ ಧರ್ಮದವರಾದರೂ ಪುಕ್ಕಟೆ ಬಳಸಬಹುದು.

ಕುಟುಂಬದ ನಂಟು ಸಾವಿಗೆ ಹರಿಯುವುದಿಲ್ಲ ಅಂತ ಅವರ ನಂಬಿಕೆ. ತೀರಿಹೋದ ಹಿರಿಯರ ಪರವಾಗಿ ಬದುಕಿರುವವರು ದೇವಾಲಯದಲ್ಲಿ ದೀಕ್ಷಾಸ್ನಾನ ಮಾಡುತ್ತಾರೆ. ಒಪ್ಪುವುದು ಬಿಡುವುದು ಆ ಹಿರಿಯರಿಗೆ ಬಿಟ್ಟಿದ್ದು. ಆದರೆ ಒಬ್ಬೊಬ್ಬರ ಹೆಸರೂ ಬೇಕು, ಸುಮ್ನೆ 'ನಮ್ಮ ಹಿರಿಯರು' ಅಂದರೆ ನಡೆಯುವುದಿಲ್ಲ. ಸತ್ತವರ ಪರವಾಗಿ ದೀಕ್ಷೆ ಪಡೆಯುವುದು ನನಗಂತೂ ಹಿಡಿಸಲಿಲ್ಲ, ಅದನ್ನು ಅವಳಿಗೂ ಹೇಳಿದೆ. ಆದರೆ ಹೆಸರಿನ ಮಾತು ಚುಚ್ಚಿತು. ಮಹಾಲಯ ಅಮಾವಾಸ್ಯೆಗೆ ನಾವು ಎಡೆ ಇಡುವಾಗ ಅಜ್ಜ, ಮುತ್ತಜ್ಜ ಅಂತ ಎರಡು ಹೆಸರು ಹೇಳಿ, ಉಳಿದವರನ್ನೆಲ್ಲ 'ಹಿರೇರು' ಅಂತ ಒಂದೇ ಗಂಟಿಗೆ ಕಟ್ಟಿಬಿಡುತ್ತೇವೆ.

ಅತ್ತೆಗೆ ಫೋನ್ ಮಾಡಿದೆ. ಹುಣ್ಣಿಮೆಗೆ ಹುಲಿಗಿಗೆ ಬಾ, ನಮ್ಮವರೆಲ್ಲ ಅಲ್ಲೇ ಸಿಗುತ್ತಾರೆ ಅಂದಳು. ಹುಲಿಗೆಮ್ಮ ನಮ್ಮ ಮನೆದೇವರು. "ದೀಡ ನಮಸ್ಕಾರ ಹಾಕಾಕ ನಿನ್ನ ಕೈಲೆ ಆಗಂಗಿಲ್ಲ. ನೀ ಬರಿಯೋ ಸೇವಾ ಮಾಡು."

ಹಂಪಿ ಎಕ್ಸ್‌ಪ್ರೆಸ್ ಹತ್ತಿ ಬೆಳಿಗ್ಗೆ ಹೊಸಪೇಟೆಯಲ್ಲಿ ಇಳಿದೆ. ಒಗ್ಗರಣೆ ಮಂಡಕ್ಕಿ, ಮಿರ್ಚಿ ತಿಂದು ಬಸ್ಸು ಹಿಡಿದೆ. ತುಂಗಭದ್ರಾ ಸೇತುವೆ ದಾಟುವಾಗ ಎಡಗಡೆ ಡ್ಯಾಮ್ ಕಂಡಿತು. ಸಾಲಾಗಿ 33 ಗೇಟು. 2024ರ ಆಗಸ್ಟಿನಲ್ಲಿ 19ನೇ ಗೇಟು ಕೊಚ್ಚಿಹೋದಾಗ ಟಿವಿಯಲ್ಲಿ ಎಲ್ಲರೂ ನೀರಿನ ಚಿಂತೆ ಮಾಡುತ್ತಿದ್ದರು. ನಮ್ಮಪ್ಪ ಮಾತ್ರ, ನೀರು ಖಾಲಿಯಾದರೆ ನಮ್ಮೂರ ಗುಡಿ ಕಾಣಬಹುದೇನೋ ಅಂದಿದ್ದ. ನಮ್ಮದು ಮುಳುಗಡೆ ಊರು. ಡ್ಯಾಮಿಗಾಗಿ 90ರ ಆಸುಪಾಸು ಹಳ್ಳಿಗಳು ನೀರಿಗೆ ಹೋದವು. ಒಂದೇ ಓಣಿಯಲ್ಲಿದ್ದ ಅಣ್ಣತಮ್ಮಂದಿರು ಒಬ್ಬ ಕೊಪ್ಪಳದ ಕಡೆ, ಒಬ್ಬ ಹಗರಿಬೊಮ್ಮನಹಳ್ಳಿ ಕಡೆ, ಒಬ್ಬ ಗಂಗಾವತಿ ಕಡೆ ಹೀಗೆ ದಿಕ್ಕಾಪಾಲಾದರು.

ಹುಲಿಗಿಯ ಹುಣ್ಣಿಮೆ ಜನಜಂಗುಳಿಯ ಬಗ್ಗೆ ಹೇಳಬೇಕಾಗಿಲ್ಲ. ಕಾಲಿಡಲು ಜಾಗವಿರಲಿಲ್ಲ. ಟ್ರ್ಯಾಕ್ಟರುಗಳು, ಬುತ್ತಿಗಳು, ಅರಿಶಿನ, ಹೊಳೆಯಲ್ಲಿ ಮುಳುಗೆದ್ದು ಒದ್ದೆ ಸೀರೆಯಲ್ಲೇ ಸಾಲಿಗೆ ನಿಂತವರು. ದರ್ಶನಕ್ಕೆ ಎರಡು ತಾಸು ಹಿಡಿಯಿತು. ಆಮೇಲೆ ಬೇವಿನ ಮರದಡಿ ನಮ್ಮ ಕಚೇರಿ ಶುರು.

ಗೆಳತಿ ಒಂದು ಉಪಾಯ ಹೇಳಿಕೊಟ್ಟಿದ್ದಳು. ಮೊದಲೆಲ್ಲ ಅವರಲ್ಲಿ ಒಂದೇ ಪುಟವನ್ನು ಇಬ್ಬರು ಬೇರೆ ಬೇರೆ ಕೂತು ಟೈಪ್ ಮಾಡುತ್ತಿದ್ದರಂತೆ. ಎರಡೂ ತಾಳೆಯಾಗದಿದ್ದರೆ ಮೂರನೆಯವರು ನೋಡಿ ತೀರ್ಪು ಕೊಡಬೇಕು. ಅಮೆರಿಕದ 1940ರ ಜನಗಣತಿ 72 ವರ್ಷ ಬೀಗದಲ್ಲಿದ್ದು 2012ರ ಏಪ್ರಿಲ್‌ನಲ್ಲಿ ಹೊರಗೆ ಬಂತು. ಅದರಲ್ಲಿದ್ದ 13 ಕೋಟಿಗೂ ಜಾಸ್ತಿ ಹೆಸರುಗಳನ್ನು ಸ್ವಯಂಸೇವಕರೇ ನಾಲ್ಕು ತಿಂಗಳಲ್ಲಿ ಟೈಪ್ ಮಾಡಿ ಮುಗಿಸಿದರು. ನನ್ನದು ಐದು ಹುಲಿಗೆಪ್ಪಂದಿರ ಕೆಲಸ, ಅಷ್ಟೇ. ಅದಕ್ಕೇ ಬೆವರು ಕಿತ್ತುಬಂತು.

ಒಂದೇ ಪ್ರಶ್ನೆಯನ್ನು ಗಂಗಾವತಿ ಕಾಕಾಗೂ ಕೊಪ್ಪಳದ ದೊಡ್ಡಪ್ಪಗೂ ಬೇರೆ ಬೇರೆಯಾಗಿ ಕೇಳಿದೆ. ಇಬ್ಬರೂ ಬೇರೆ ಬೇರೆ ಹೇಳಿದರು. ತೀರ್ಪಿಗೆ ಅತ್ತೆ. ಅವಳ ಲೆಕ್ಕದಲ್ಲಿ ಇಸವಿ ಇಲ್ಲ. "ಅವ ರಜಾಕಾರರ ಗಲಾಟೆಯೊಳಗ ಹೊಟ್ಟ್ಯಾಗಿದ್ದ, ಇವ ಡ್ಯಾಮಿಗೆ ಕಲ್ಲು ಹೊರಾಕ ಹೋಗ್ತಿದ್ದ. ಇಬ್ರೂ ಒಂದ ಹೆಂಗಾಗ್ತಾರ?" ನಿಜಾಮನ ಪರದ ರಜಾಕಾರರ ಗಲಾಟೆ ನಡೆದ 1948ರಲ್ಲಿ ಹುಟ್ಟಲಿದ್ದ ಕೂಸು, 1953ಕ್ಕೆ ಮುಗಿದ ಡ್ಯಾಮಿಗೆ ಕಲ್ಲು ಹೊತ್ತಿರಲು ಸಾಧ್ಯವಿಲ್ಲ. ಮೂರನೆಯ ಹುಲಿಗೆಪ್ಪ, ಐದನೆಯ ಹುಲಿಗೆಪ್ಪ ಬೇರೆಯಾದರು. ಅಜ್ಜನ ಹೆಂಡತಿ ಅಜ್ಜನಿಗೇ ವಾಪಸ್ ಸಿಕ್ಕಳು.

ನಾಲ್ಕನೆಯವನ ಅಪ್ಪ ಯಾರು ಅನ್ನೋದು ಮಾತ್ರ ಬಗೆಹರಿಯಲಿಲ್ಲ. ಬಸಪ್ಪ ಅಂದ ಕಾಕಾ. ಈರಪ್ಪ ಅಂದ ದೊಡ್ಡಪ್ಪ. ಬಸಪ್ಪನೇ, ಆದರೆ ಆಣೆ ಮಾಡಲಾರೆ ಅಂದಳು ಅತ್ತೆ.

ಮರುದಿನ ಕೊಪ್ಪಳದ ದೊಡ್ಡಪ್ಪನ ಮನೆಯಲ್ಲಿ ಟ್ರಂಕು ಬಿಚ್ಚಿದೆವು. ಹೊಲದ ಕಾಗದ ಸಿಕ್ಕಿತು, ಆದರೆ ಉರ್ದುವಿನಲ್ಲಿತ್ತು. ಹೊಳೆಯ ಈ ದಂಡೆ ನಿಜಾಮನದು, ಆ ದಂಡೆ ಮದ್ರಾಸಿನದು ಆಗಿತ್ತಲ್ಲ. ಆ ದಂಡೆಗೆ ಹೋದ ನಮ್ಮವರ ಕಾಗದ ಕನ್ನಡದಲ್ಲಿವೆ, ಈ ದಂಡೆಯವರದನ್ನು ಓದಲು ನಮ್ಮಲ್ಲೇ ಯಾರೂ ಇಲ್ಲ! ಓಣಿಯ ನಿವೃತ್ತ ಮೇಷ್ಟ್ರೊಬ್ಬರು ಕನ್ನಡಕ ಒರೆಸಿಕೊಂಡು ನಿಧಾನ ಓದಿದರು. ಫಸಲಿ 1350, ಅಂದರೆ ನಿಜಾಮನ ಕಾಲದ ಕಂದಾಯದ ಇಸವಿ. ಅದಕ್ಕೆ 590 ಕೂಡಿಸಿದರೆ 1940 ಅಂತ ಅವರೇ ಲೆಕ್ಕ ಹೇಳಿಕೊಟ್ಟರು. ಆಮೇಲೆ ಬೆರಳಿಟ್ಟು, "ಹುಲಿಗೆಪ್ಪ ವಲ್ದ್ ಬಸಪ್ಪ" ಅಂದರು. ವಲ್ದ್ ಅಂದರೆ ಮಗ. ಅತ್ತೆ ಒಂದು ಮಾತೂ ಆಡಲಿಲ್ಲ, ದೊಡ್ಡಪ್ಪನ ಮುಖ ನೋಡುತ್ತಾ ಚಹಾ ಕುಡಿದಳು.

ಕಾಕಾ ಮೊದಲೇ ಫೋನ್ ಮಾಡಿ, ಮನೆಮನೆಯ ವಂಶಾವಳಿ ಬರೆದಿಟ್ಟು ಹಾಡಿ ಹೇಳುವ ಹೆಳವರನ್ನು ಕರೆಸಿದ್ದ. ನಾನು ಚಿಕ್ಕವಳಿದ್ದಾಗ ಅವರು ಎತ್ತಿನ ಮೇಲೆ ಗಂಟೆ ಬಾರಿಸುತ್ತಾ ಬರುತ್ತಿದ್ದುದು ನೆನಪಿದೆ. ಈಗ ಬೈಕಿನಲ್ಲಿ ಬಂದರು. ಹೆಗಲ ಕಂಬಳಿ ಮಾತ್ರ ಅದೇ. ಗೆಳತಿಯ ಚರ್ಚು ಹುಟ್ಟುವುದಕ್ಕೆ ಎಷ್ಟೋ ಮೊದಲಿನಿಂದ ಇವರ ಕುಲಕಸುಬು ಇದೇ ಅಲ್ವಾ ಅಂತ ನನಗೆ ಸ್ವಲ್ಪ ಜಂಬವೂ ಆಯಿತು. ಕಟ್ಟೆಯ ಮೇಲೆ ಕೂತು ಪುಸ್ತಕ ಬಿಚ್ಚಿ, ಒಂದೇ ಉಸಿರಿಗೆ ಎಂಬಂತೆ ರಾಗವಾಗಿ ಹೇಳಿದರು. ಮುಳುಗಡೆ ಊರಿನ ಹೆಸರು, ಅದಕ್ಕೂ ಮೊದಲು ಬಿಟ್ಟುಬಂದ ಊರು, ಮನೆದೇವರು, ಆಮೇಲೆ ಹೆಸರುಗಳ ಸಾಲು. ಏಳು ತಲೆಮಾರು. ದೊಡ್ಡಪ್ಪ ತಲೆಯ ಮೇಲಿನ ಟೋಪಿ ತೆಗೆದು ಕೈ ಮುಗಿದು ಕೇಳಿದ.

ಸಾಲಿನಲ್ಲಿ ಹೆಣ್ಣುಮಕ್ಕಳ ಒಂದೂ ಹೆಸರಿಲ್ಲ. ಕೇಳಿದೆ. "ಅವ್ರು ಕೊಟ್ಟ ಮನಿಯವ್ರಾಗ್ತಾರವ್ವಾ" ಅಂದರು. ಅತ್ತೆಯ ಗಂಡನ ಮನೆಯ ಪುಸ್ತಕದಲ್ಲಾದರೂ ಇದ್ದಾಳಾ ಅಂದರೆ ಅಲ್ಲೂ ಇಲ್ಲ. ನನಗೆ ಸಿಟ್ಟು ಬಂತು. ಅತ್ತೆಗೆ ಅದರ ಪರಿವೆಯೇ ಇಲ್ಲ, ಅವಳ ಕಿವಿ ನಾಲ್ಕನೆಯ ಹುಲಿಗೆಪ್ಪನ ಮೇಲೇ ಇತ್ತು.

"ಏನಂದ್ರಿ, ಈರಪ್ಪನ ಮಗ? ತಪ್ಪೈತಿ ನೋಡ್ರಿ ನಿಮ್ಮ ಪುಸ್ತಕ" ಅಂದಳು. ಉರ್ದು ಕಾಗದ ತರಿಸಿದಳು. ಮೇಷ್ಟ್ರನ್ನೂ ಕರೆಸಿದಳು. ಹೆಳವರು ಸ್ವಲ್ಪ ಹೊತ್ತು ಸುಮ್ಮನಿದ್ದು, ಜೇಬಿನಿಂದ ಬಾಲ್‌ಪೆನ್ ತೆಗೆದು ಈರಪ್ಪನ ಮೇಲೆ ಗೆರೆ ಎಳೆದು ಬಸಪ್ಪ ಅಂತ ಬರೆದರು.

"ಮತ್ತೇನರ ತಪ್ಪೈತೇನ್ರೀ ಅಮ್ಮಾ?"

ಅತ್ತೆ ಆಗಲೇ ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬೆರಳು ಮಡಚಿ ಎಣಿಸತೊಡಗಿದ್ದಳು.