ಟ್ರೇಯಲ್ಲಿ ಇಲ್ಲದ ಸೂಜಿ

"ಸುಮ್ನೆ ಕೂತ್ಕೋ, ಇಲ್ಲಾಂದ್ರೆ ಡಾಕ್ಟರಿಗೆ ಹೇಳಿ ಸೂಜಿ ಹಾಕಿಸ್ತೀನಿ."

ಈ ವಾರ ದಂತವೈದ್ಯರ ಕೋಣೆಯ ಹೊರಗೆ ಅಜ್ಜಿಯೊಬ್ಬರು ಮೂರು ವರ್ಷದ ಮೊಮ್ಮಗನಿಗೆ ಹೇಳಿದ ಮಾತಿದು. ಒಳಗೆ ಕರೆದಾಗ ಹುಡುಗ ಸೆರಗು ಬಿಡಲಿಲ್ಲ. "ಮನೇಲಿ ಇಷ್ಟು ಹಠ ಮಾಡಲ್ಲ ಡಾಕ್ಟ್ರೇ" ಅಂತ ಅಜ್ಜಿಯದೇ ದೂರು. ಆವತ್ತು ಇದ್ದದ್ದು ಬರೀ ಹಲ್ಲು ನೋಡುವ ಕೆಲಸ, ಟ್ರೇಯಲ್ಲಿ ಸೂಜಿಯೇ ಇರಲಿಲ್ಲ. ಡಾಕ್ಟರು ಜಾಣೆ. ಮೊದಲು ಅಜ್ಜಿಯನ್ನೇ ಕುರ್ಚಿಯಲ್ಲಿ ಕೂರಿಸಿ, ಅವರ ಹಲ್ಲು ಎಣಿಸಿದರು.

ಊಟ ಬಿಟ್ಟರೆ ಪೊಲೀಸ್, ನಿದ್ದೆ ಬಿಟ್ಟರೆ ಗುಮ್ಮ, ಹಠಕ್ಕೆ ಡಾಕ್ಟರ್. ನಮ್ಮ ಮನೆಗಳಲ್ಲಿ ಇದು ಹಳೇ ಪಟ್ಟಿ. ಸೂಜಿ ಹಾಕಿಸ್ತೀನಿ ಅಂದವರೇ ಐದು ನಿಮಿಷದಲ್ಲಿ ಬಾಯಿ ತೆಗಿ ಕಂದಾ ಅಂದರೆ ಮಗು ಯಾವುದನ್ನು ನಂಬಬೇಕು? "ಏನೂ ನೋವಾಗಲ್ಲ" ಅನ್ನುವುದೂ ಬೇಡ, ಅದರಲ್ಲಿ ಮಗುವಿಗೆ ಕೇಳಿಸುವುದು ನೋವು ಒಂದೇ. "ಹಲ್ಲು ಎಣಿಸ್ತಾರೆ" ಅಂದರೆ ಸಾಕು.

ಡಾಕ್ಟರ ಹತ್ತಿರ ಹೋಗುವ ನಾಲ್ಕು ದಿನ ಮುಂಚೆಯಿಂದ ಮನೆಯಲ್ಲೇ ಮಗುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಟಾರ್ಚ್ ಬಿಟ್ಟು ಹಲ್ಲು ಎಣಿಸಿ. ಚಿಕ್ಕ ಮಕ್ಕಳನ್ನು ಅಲ್ಲೂ ಹೀಗೇ ನೋಡುತ್ತಾರೆ: ಅಮ್ಮ, ಡಾಕ್ಟರು ಮಂಡಿಗೆ ಮಂಡಿ ತಾಗಿಸಿ ಎದುರುಬದುರು ಕೂರುತ್ತಾರೆ, ಮಗು ಅಮ್ಮನ ಕಡೆ ಮುಖ ಮಾಡಿ ಕೂತು ಡಾಕ್ಟರ ತೊಡೆಗೆ ತಲೆ ಒರಗಿಸುತ್ತದೆ. ಅತ್ತರೆ ಅಳಲಿ, ಅಳುವಾಗ ಬಾಯಿ ತಾನೇ ತೆರೆಯುತ್ತದೆ. ಬೆಳಗಿನ ಹೊತ್ತು ಒಳ್ಳೆಯದು, ನಿದ್ದೆಗಣ್ಣಿನಲ್ಲಿ ಬೇಡ. ಹೊಟ್ಟೆ ಬಿರಿಯ ತಿನ್ನಿಸಿ ಕರೆದೊಯ್ದರೆ ಹಲ್ಲು ನೋಡುವ ಪುಟ್ಟ ಕನ್ನಡಿ ನಾಲಿಗೆಯ ಹಿಂಭಾಗಕ್ಕೆ ತಾಗಿದ ಕೂಡಲೇ ವಾಂತಿ.

ನಿಜ ಹೇಳಬೇಕೆಂದರೆ ಮೂರು ವರ್ಷಕ್ಕೆ ಬಂದದ್ದು ತಡವಾಯ್ತು. ಮೊದಲ ಹಲ್ಲು ಮೂಡಿ ಆರು ತಿಂಗಳೊಳಗೆ, ಹೆಚ್ಚೆಂದರೆ ಮೊದಲ ಹುಟ್ಟುಹಬ್ಬದ ಹೊತ್ತಿಗೆ ತೋರಿಸಬೇಕು. ಬಿದ್ದುಹೋಗುವ ಹಲ್ಲಿಗೆ ಇಷ್ಟೆಲ್ಲ ಯಾಕೆ ಅನ್ನುವವರಿದ್ದಾರೆ. ಹಾಲುಹಲ್ಲುಗಳಲ್ಲಿ ದವಡೆಹಲ್ಲುಗಳು 10–12 ವರ್ಷದವರೆಗೂ ಇರಬೇಕಾದವು, ಮುಂದೆ ಬರುವ ಹಲ್ಲಿಗೆ ಜಾಗ ಕಾಯುವುದೂ ಅವೇ.

ಮಗುವಿನ ಮೇಲ್ದುಟಿ ಎತ್ತಿ ನೋಡಿ. ಒಸಡಿನ ಅಂಚಿನಲ್ಲಿ ಸುಣ್ಣದಂಥ ಬಿಳಿ ಗೆರೆ ಕಂಡರೆ ಹುಳುಕಿನ ಶುರು, ಆ ಹಂತದಲ್ಲಿ ತಡೆಯಬಹುದು. ಕಂದು ಬಣ್ಣಕ್ಕೆ ತಿರುಗಿ ಗುಳಿ ಬಿದ್ದರೆ ಡ್ರಿಲ್ಲು ಬೇಕಾಗಬಹುದು. ರಾತ್ರಿ ಬಾಟಲಿ ಕಚ್ಚಿ ಮಲಗುವ ಮಕ್ಕಳಿಗೆ ಮೇಲಿನ ಮುಂದಿನ ಹಲ್ಲುಗಳೇ ಮೊದಲು ಹೋಗುತ್ತವೆ, ಕೆಳಗಿನವಕ್ಕೆ ನಾಲಿಗೆ ಅಡ್ಡ ಇರುತ್ತದೆ. ಈ ಬಾಟಲಿಯ ವಿಷಯ, ಕುಡಿಸುವ ಸಿಹಿ ಸಿರಪ್ಪು, ಹಲ್ಲುಜ್ಜಿಸುವವರು ಯಾರು, ಎಲ್ಲ ಡಾಕ್ಟರಿಗೆ ಮುಚ್ಚಿಡದೆ ಹೇಳಿ. ಪೇಸ್ಟು ಫ್ಲೋರೈಡ್ ಇರುವುದೇ ಇರಲಿ: ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು.

ಮನೆಗೆ ಬಂದಮೇಲೆ "ನೋವಾಯ್ತಾ?" ಅನ್ನಬೇಡಿ. ಎಷ್ಟು ಹಲ್ಲು ಎಣಿಸಿದ್ರು ಅಂತ ಕೇಳಿ.