24 ವೋಲ್ಟ್ ಲಾರಿ, 12 ವೋಲ್ಟ್ ಹಾಡು

ಚಿತ್ರದುರ್ಗದ ಹೊರಗೆ, ಹೈವೇ 48ರ ಪಕ್ಕದಲ್ಲಿ ನಾನು ಲಾರಿ ವೈರಿಂಗ್ ಕೆಲಸ ಮಾಡುತ್ತೇನೆ. ನಮ್ಮ ದೊಡ್ಡ ಲಾರಿಗಳಲ್ಲಿ ಯುರೋಪಿನ ಹಾಗೆ 24 ವೋಲ್ಟ್. 12 ವೋಲ್ಟಿನ ಎರಡು ಬ್ಯಾಟರಿ, ಸೀರೀಸ್‌ನಲ್ಲಿ, ಅಂದರೆ ಒಂದರ ಹಿಂದೆ ಒಂದು ಜೋಡಿಸಿ ವೋಲ್ಟ್ ಕೂಡಿಸಿದ್ದು. ಅಮೆರಿಕದ ಟ್ರಕ್ಕಿನಲ್ಲಿ ಸಾಮಾನ್ಯವಾಗಿ ಮೂರು ನಾಲ್ಕು ಬ್ಯಾಟರಿ ಇದ್ದರೂ ಪ್ಯಾರಲಲ್, ಅಂದರೆ ಅಕ್ಕಪಕ್ಕ ಜೋಡಿಸಿದ್ದು, ಹಾಗಾಗಿ 12 ವೋಲ್ಟೇ. 70 ವ್ಯಾಟ್ ಬಲ್ಬಿಗೆ ಅಲ್ಲಿ ಸುಮಾರು 6 ಆಂಪಿಯರ್ ಬೇಕು, ಇಲ್ಲಿ 3 ಸಾಕು. ಅದೇ ವೈರಿನಲ್ಲಿ ಬಿಸಿಯಾಗಿ ಹಾಳಾಗುವ ಶಕ್ತಿ ಕಾಲು ಭಾಗವಷ್ಟೇ. ಉದ್ದದ ಟ್ರೇಲರಿಗೆ ಇದು ದೊಡ್ಡ ವಿಷಯ ಅಲ್ವಾ? ನನಗಂತೂ 24 ವೋಲ್ಟೇ ಇಷ್ಟ.

ಮೊನ್ನೆ ಮೆಕ್ಕೆಜೋಳದ ಲಾರಿಯೊಂದು ಸ್ಟಾರ್ಟ್ ಆಗದೆ ನಿಂತಿತ್ತು. ಹಾಡು ಕೇಳೋಕೆ ಯಾರೋ ಒಂದೇ ಬ್ಯಾಟರಿಯಿಂದ 12 ವೋಲ್ಟ್ ಎಳೆದಿದ್ದರು. ಅದು ಸೊರಗಿತ್ತು. ಇನ್ನೊಂದು ಓವರ್‌ಚಾರ್ಜ್ ಆಗಿ ನೀರು ಒಣಗಿತ್ತು. ನೋಡಿ ಹೊಟ್ಟೆ ಉರಿಯಿತು.

"ಅಣ್ಣ, 24 ವೋಲ್ಟನ್ನು 12 ಮಾಡುವ ಕನ್ವರ್ಟರ್ ಹಾಕಿಸಿ" ಅಂದೆ. ಹಾಕಿಸಿಕೊಂಡೇ ಹೊರಟರು.